ಕೆಲಸ ಗಟ್ಟಿ ಇರುವ ದೇಶದಲ್ಲಿ ತೊಟ್ಟಿಲು ಯಾಕೆ ಖಾಲಿ?

ಪ್ರಶ್ನೆ: ಜಪಾನಿನಲ್ಲಿ ಒಮ್ಮೆ ಕಂಪನಿ ಸೇರಿದರೆ ರಿಟೈರ್ ಆಗುವವರೆಗೂ ಕೆಲಸ ಹೋಗುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮಲ್ಲಿ ಹುಡುಗನ ಕೆಲಸ ಪರ್ಮನೆಂಟ್ ಆದ ಕೂಡಲೇ ಮದುವೆ ಮಾತು, ಮರುವರ್ಷ ಮಗು. ಅಷ್ಟು ಭದ್ರ ಕೆಲಸ ಇರುವ ದೇಶದಲ್ಲಿ ಮಕ್ಕಳು ಯಾಕೆ ಹುಟ್ಟುತ್ತಿಲ್ಲ? ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಮುಗಿಸಿ ಜಪಾನಿ ಭಾಷೆ ಕಲಿಯುತ್ತಿದ್ದಾನೆ. ಅಲ್ಲಿಗೇ ಕೆಲಸಕ್ಕೆ ಹೋಗುವ ಆಸೆ ಅವನಿಗೆ. ಅವನಿಗೂ ಸೇರಿಸಿ ಏನಾದರೂ ಹೇಳಿ.
ಓದುಗರು, ದಾವಣಗೆರೆ

ಉತ್ತರ: ನೀವು ಕೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ನಿವೃತ್ತಿವರೆಗಿನ ಕೆಲಸ ಜಪಾನಿನಲ್ಲಿ ಇವತ್ತಿಗೂ ಇದೆ. ಅದು ಎಲ್ಲರಿಗೂ ಇಲ್ಲ, ಇರುವವರಿಗೂ ಪುಕ್ಕಟೆ ಸಿಕ್ಕಿಲ್ಲ. ಕೆಲಸ ಗಟ್ಟಿ ಇಲ್ಲದವರಿಗೆ ಮದುವೆಯೇ ಕೂಡಿಬರುತ್ತಿಲ್ಲ. ಗಟ್ಟಿ ಇರುವವರು ಅದಕ್ಕಾಗಿ ತಮ್ಮ ಸಂಜೆಗಳನ್ನು, ಕೆಲವೊಮ್ಮೆ ತಮ್ಮ ಊರನ್ನೇ ಕಂಪನಿಗೆ ಬರೆದುಕೊಟ್ಟಿದ್ದಾರೆ. ಈ ಎರಡೂ ಕಡೆಯಿಂದ ಮಕ್ಕಳು ಕಡಿಮೆಯಾಗಿವೆ. ಒಂದು ಕಡೆಯನ್ನು ಮಾತ್ರ ನೋಡಿದರೆ ನಿಮ್ಮ ಪ್ರಶ್ನೆ ಒಗಟಾಗಿಯೇ ಉಳಿಯುತ್ತದೆ.

ಮೊದಲು ಕೆಲವು ಅಂಕಿ. 1949ರಲ್ಲಿ ಜಪಾನಿನಲ್ಲಿ ಸುಮಾರು 27 ಲಕ್ಷ ಮಕ್ಕಳು ಹುಟ್ಟಿದರು. ಯುದ್ಧ ಮುಗಿದು ಗಂಡಸರು ಮನೆಗೆ ಮರಳಿದ ಕಾಲ ಅದು. ಆ ಮಕ್ಕಳು ದೊಡ್ಡವರಾಗಿ ಮದುವೆಯಾದಾಗ, 1973ರಲ್ಲಿ, ಸುಮಾರು 21 ಲಕ್ಷ. 2016ರಲ್ಲಿ ಈ ಸಂಖ್ಯೆ ಮೊದಲ ಸಲ 10 ಲಕ್ಷಕ್ಕಿಂತ ಕೆಳಗಿಳಿಯಿತು. 2024ರಲ್ಲಿ 6 ಲಕ್ಷದ 86 ಸಾವಿರ. ಒಬ್ಬ ಹೆಂಗಸಿಗೆ ಸರಾಸರಿ 1.15 ಮಗು ಎಂಬ ಲೆಕ್ಕ. ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೆ ಈ ಸರಾಸರಿ 2.1ರ ಹತ್ತಿರ ಇರಬೇಕು. ಅಂದ ಹಾಗೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದ್ದು 1.7. ಜಪಾನ್ 1986-87ರ ಸುಮಾರಿಗೆ ಅಲ್ಲಿತ್ತು.

ಜಪಾನ್ ಬೆಚ್ಚಿಬಿದ್ದದ್ದು ಯಾವಾಗ ಗೊತ್ತಾ? 1990ರಲ್ಲಿ. ಅಲ್ಲಿನ ಪಂಚಾಂಗದಲ್ಲಿ 60 ವರ್ಷಕ್ಕೊಮ್ಮೆ 'ಹಿನೋಎ ಉಮಾ' ಎಂಬ ಕುದುರೆ ವರ್ಷ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಆಗಿಬರುವುದಿಲ್ಲ ಎಂಬ ಹಳೆಯ ನಂಬಿಕೆ. ನಮ್ಮ ಮೂಲಾ ನಕ್ಷತ್ರದ ಮಾತಿನ ಹಾಗೇ ಇದು. 1966 ಅಂಥ ವರ್ಷ. ಜನ ಬೇಕೆಂದೇ ಮಗು ಮುಂದೂಡಿದರು, ಸರಾಸರಿ 1.58ಕ್ಕೆ ಇಳಿಯಿತು. ಮರುವರ್ಷ ಮತ್ತೆ ಏರಿತು. ಆದರೆ 1989ರ ಲೆಕ್ಕ ಹೊರಬಂದಾಗ ಅದು 1.57 ಇತ್ತು. ಯಾವ ನಂಬಿಕೆಯೂ ಇಲ್ಲದ ಮಾಮೂಲಿ ವರ್ಷದಲ್ಲಿ ಕುದುರೆ ವರ್ಷಕ್ಕಿಂತ ಕಡಿಮೆ. '1.57 ಶಾಕ್' ಎಂದೇ ಅದಕ್ಕೆ ಹೆಸರಾಯಿತು.

ಈಗ ಕೆಲಸದ ಕಥೆಗೆ ಬರೋಣ. ನೀವು ಕೇಳಿದ ಆ ಭದ್ರ ಕೆಲಸಕ್ಕೆ ಅಲ್ಲಿ 'ಸೇಶಾಇನ್' ಎನ್ನುತ್ತಾರೆ. ನಮ್ಮ ಪರ್ಮನೆಂಟ್ ನೌಕರ. ಯುದ್ಧದ ನಂತರದ ಮುಷ್ಕರಗಳು, ಆಮೇಲೆ ಕಾರ್ಖಾನೆಗಳಿಗೆ ಕಂಡ ಆಳಿನ ಕೊರತೆ, ಇವುಗಳ ನಡುವೆ ದೊಡ್ಡ ಕಂಪನಿಗಳೂ ಕಾರ್ಮಿಕರೂ ಒಂದು ಹೊಂದಾಣಿಕೆಗೆ ಬಂದರು. ಓದು ಮುಗಿದ ಕೂಡಲೇ ಸೇರಿಸಿಕೊಳ್ಳುತ್ತೇವೆ, ಕೆಲಸ ನಾವೇ ಕಲಿಸುತ್ತೇವೆ, ವರ್ಷ ಕಳೆದಂತೆ ಸಂಬಳ ಏರಿಸುತ್ತೇವೆ, ಸುಮ್ನೆ ತೆಗೆದುಹಾಕುವುದಿಲ್ಲ ಎಂದು ಕಂಪನಿ ಹೇಳಿತು. ಹೇಳಿದ ಕೆಲಸ, ಹೇಳಿದ ಊರು, ಹೇಳಿದಷ್ಟು ಹೊತ್ತು ಎಂದು ನೌಕರ ಒಪ್ಪಿದ. ಕೋರ್ಟುಗಳೂ ಇದಕ್ಕೆ ಬಲ ಕೊಟ್ಟವು. ಸಕಾರಣವಿಲ್ಲದೆ ತೆಗೆದರೆ ಆ ವಜಾ ನಿಲ್ಲುವುದಿಲ್ಲ ಎಂದು 1975ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಅದು 2007ರ ಕಾರ್ಮಿಕ ಒಪ್ಪಂದ ಕಾಯ್ದೆಯಲ್ಲೇ ಬರೆದಿದೆ.

ಈ ಹೊಂದಾಣಿಕೆಯಲ್ಲಿ ಮೂರನೆಯ ಒಬ್ಬರಿದ್ದರು. ಅವರ ಸಹಿ ಯಾರೂ ಕೇಳಲಿಲ್ಲ. ಅವರು ಮನೆಯ ಹೆಂಗಸರು. ಗಂಡ ರಾತ್ರಿ ಹನ್ನೊಂದಕ್ಕೆ ಬಂದರೂ ಊಟ ಬಿಸಿಯಿರಬೇಕು, ಮಗುವಿಗೆ ಜ್ವರ ಬಂದರೆ ಯಾರಾದರೂ ಮನೆಯಲ್ಲಿರಬೇಕು. ಅದಕ್ಕೆ ಮದುವೆಯಾದ ಹುಡುಗಿ ಆಫೀಸ್ ಬಿಡುವುದು ರೂಢಿಯಾಯಿತು. ಅದಕ್ಕೊಂದು ಚೆಂದದ ಹೆಸರು ಬೇರೆ, 'ಕೊಟೊಬುಕಿ ತಾಯಿಶಾ'. ಮಂಗಳದ ರಾಜೀನಾಮೆ ಎನ್ನಬಹುದು. ಮದುವೆಯಾದರೆ ಕೆಲಸ ಬಿಡುತ್ತೇನೆ ಎಂದು ಕೆಲವು ಕಂಪನಿಗಳು ಹುಡುಗಿಯರಿಂದ ಮೊದಲೇ ಬರೆಸಿಕೊಳ್ಳುತ್ತಿದ್ದವು. 1966ರಲ್ಲಿ ಟೋಕಿಯೋದ ಜಿಲ್ಲಾ ಕೋರ್ಟು ಅಂಥ ಷರತ್ತು ಊರ್ಜಿತವಲ್ಲ ಎಂದಿತು. ಷರತ್ತು ಹೋಯಿತು, ರೂಢಿ ಉಳಿಯಿತು.

ಗಂಡನ ಒಂದು ಸಂಬಳ, ಮನೆಯಲ್ಲೇ ಇರುವ ಹೆಂಡತಿ, ಇಬ್ಬರು ಮಕ್ಕಳು. ಕಂಪನಿಯ ಸಂಬಳ ಏರುತ್ತಿದ್ದಷ್ಟು ದಿನ ಈ ಲೆಕ್ಕ ನಡೆಯಿತು. 1989ರ ಕೊನೆಗೆ ಷೇರುಪೇಟೆ ತುತ್ತತುದಿಗೆ ಹೋಗಿ, ಆಮೇಲೆ ಕುಸಿಯಿತು. ಜಮೀನಿನ ಬೆಲೆಯೂ ಬಿತ್ತು. ಕಂಪನಿಗಳಿಗೆ ಖರ್ಚು ಇಳಿಸಲೇಬೇಕಾಯಿತು. ಒಳಗಿದ್ದವರನ್ನು ತೆಗೆಯುವುದು ಕಷ್ಟ. ಆಗ ಏನು ಮಾಡಿದರು? ಬಾಗಿಲು ಹಾಕಿಕೊಂಡರು. ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ಕಡಿಮೆ ಮಾಡಿದರು. ಒಳಗಿನವರ ಭದ್ರತೆಯ ಬೆಲೆಯನ್ನು ಆಗತಾನೇ ಕಾಲೇಜು ಮುಗಿಸಿದ ಮಕ್ಕಳು ಕಟ್ಟಿದರು.

ಇದು ಎಷ್ಟು ಕ್ರೂರ ಎಂದು ಅರ್ಥವಾಗಬೇಕಾದರೆ ಅಲ್ಲಿನ ಕೆಲಸದ ಬಾಗಿಲು ತೆರೆಯುವ ರೀತಿ ಗೊತ್ತಿರಬೇಕು. ಜಪಾನಿನಲ್ಲಿ ಏಪ್ರಿಲ್ 1ರ ಬೆಳಿಗ್ಗೆ ರೈಲು ಹತ್ತಿದರೆ ಒಂದೇ ಥರದ ಕಪ್ಪು ಸೂಟ್ ತೊಟ್ಟ ಎಳೆ ಮುಖಗಳು ತುಂಬಿರುತ್ತವೆ. ದೇಶವಿಡೀ ಹೊಸ ಪದವೀಧರರು ಒಂದೇ ದಿನ ಕೆಲಸಕ್ಕೆ ಸೇರುತ್ತಾರೆ. ಓದುತ್ತಿರುವಾಗಲೇ ಆಯ್ಕೆ ಮುಗಿದಿರುತ್ತದೆ. ಆ ವರ್ಷ ತಪ್ಪಿದರೆ, ಮುಂದಿನ ವರ್ಷ ಕಂಪನಿಗಳು ಆ ವರ್ಷದ ಹೊಸಬರನ್ನು ಕರೆಯುತ್ತವೆ, ನಿಮ್ಮನ್ನಲ್ಲ. ನಮ್ಮಲ್ಲಿ ಒಂದು ವರ್ಷ ಕೆಲಸ ಸಿಗದಿದ್ದರೆ ಇನ್ನೊಂದು ವರ್ಷ ಪ್ರಯತ್ನಿಸುತ್ತೇವೆ. ಅಲ್ಲಿ ಆ ಒಂದು ವರ್ಷ ಇಡೀ ಜೀವನವನ್ನು ಬೇರೆ ಹಳಿಗೆ ತಿರುಗಿಸಿಬಿಡುತ್ತಿತ್ತು. ಈಗ ಸ್ವಲ್ಪ ಸಡಿಲವಾಗಿದೆ ನಿಜ.

ಸುಮಾರು 1993ರಿಂದ 2005ರವರೆಗಿನ ಆ ಕಾಲಕ್ಕೆ 'ಶೂಶೋಕು ಹ್ಯೋಗಾಕಿ' ಎಂದು ಹೆಸರು. ಕೆಲಸದ ಹಿಮಯುಗ. 1991ರಲ್ಲಿ ಡಿಗ್ರಿ ಮುಗಿಸಿದ 100 ಜನರಲ್ಲಿ 81 ಜನ ಕೆಲಸಕ್ಕೆ ಸೇರಿದ್ದರು. 2003ರಲ್ಲಿ ಅದು 55. ಈ ಹಿಮಯುಗದ ಬಾಗಿಲಲ್ಲಿ ಬಂದು ನಿಂತವರು ಯಾರು? 1971ರಿಂದ 74ರವರೆಗೆ ಹುಟ್ಟಿದ, ವರ್ಷಕ್ಕೆ 20 ಲಕ್ಷದಂತೆ ಇದ್ದ, ದೇಶದ ಎರಡನೇ ದೊಡ್ಡ ಪೀಳಿಗೆ. ಇವರು ಮದುವೆಯಾಗಿ ಮಕ್ಕಳು ಮಾಡಿಕೊಂಡಾಗ ಮೂರನೇ ಸಲ ತೊಟ್ಟಿಲುಗಳು ತುಂಬುತ್ತವೆ ಎಂದು ಎಲ್ಲರೂ ಕಾದಿದ್ದರು. ಆ ಮೂರನೇ ಅಲೆ ಬರಲೇ ಇಲ್ಲ. ನನಗೆ ಇಡೀ ಕಥೆಯಲ್ಲಿ ಅತಿ ನೋವಿನ ಭಾಗ ಇದೇ. ದೇಶ ನೆಚ್ಚಿಕೊಂಡಿದ್ದ ಪೀಳಿಗೆಯನ್ನೇ ದೇಶ ಹೊರಗೆ ನಿಲ್ಲಿಸಿತು.

2019ರಲ್ಲಿ ಹ್ಯೋಗೋ ಪ್ರಾಂತ್ಯದ ತಕರಾಜುಕಾ ನಗರಸಭೆ ಈ ಹಿಮಯುಗದ ಪೀಳಿಗೆಗೆ ಅಂತಲೇ ಪರ್ಮನೆಂಟ್ ಹುದ್ದೆಗಳನ್ನು ಕರೆಯಿತು. ಇದ್ದದ್ದು 3 ಹುದ್ದೆ. ಬಂದ ಅರ್ಜಿ 1,800ಕ್ಕೂ ಜಾಸ್ತಿ. ಕೊನೆಗೆ 4 ಜನರನ್ನು ತೆಗೆದುಕೊಂಡರು. ಅರ್ಜಿ ಹಾಕಿದವರಿಗೆ ಆಗ ವಯಸ್ಸು ನಲವತ್ತರ ಆಸುಪಾಸು.

ಹೊರಗುಳಿದವರೇನೂ ಸುಮ್ಮನೆ ಕೂರಲಿಲ್ಲ. ದುಡಿದರು. ಪಾರ್ಟ್‌ಟೈಮ್, ಕಾಂಟ್ರ್ಯಾಕ್ಟ್, ಇಲ್ಲವೇ 'ಹಾಕೆನ್'. ಹಾಕೆನ್ ಎಂದರೆ ಏಜೆನ್ಸಿ ಮೂಲಕ ಕಂಪನಿಗೆ ಆಳು ಕಳಿಸುವುದು. ನಮ್ಮ ಹೊರಗುತ್ತಿಗೆಗೆ ಹತ್ತಿರ. 1985ರ ಕಾಯ್ದೆ ಇದಕ್ಕೆ ಕೆಲವೇ ವಿಶೇಷ ಕೆಲಸಗಳಲ್ಲಿ ಅವಕಾಶ ಕೊಟ್ಟಿತ್ತು. 1999ರಲ್ಲಿ ಬಹುಪಾಲು ಕೆಲಸಗಳಿಗೆ ತೆರೆದರು, 2004ರಲ್ಲಿ ಕಾರ್ಖಾನೆಗಳಿಗೂ ತೆರೆದರು. 1990ರಲ್ಲಿ ನೌಕರರಲ್ಲಿ ಶೇ. 20ರಷ್ಟಿದ್ದ ಪರ್ಮನೆಂಟ್ ಅಲ್ಲದವರು 2019ಕ್ಕೆ ಶೇ. 38 ಆದರು. ಹೆಂಗಸರಲ್ಲಂತೂ ಅರ್ಧಕ್ಕಿಂತ ಹೆಚ್ಚು. 2008ರಲ್ಲಿ ಅಮೆರಿಕದ ಬ್ಯಾಂಕ್ ಮುಳುಗಿ ಜಗತ್ತು ತತ್ತರಿಸಿದಾಗ ಜಪಾನಿನ ಕಾರ್ಖಾನೆಗಳು ಮೊದಲು ಕೈಬಿಟ್ಟದ್ದು ಈ ಹಾಕೆನ್ ಹುಡುಗರನ್ನು. ಎಷ್ಟೋ ಜನ ಕೆಲಸದ ಜೊತೆ ಕಂಪನಿ ಕೊಟ್ಟಿದ್ದ ರೂಮನ್ನೂ ಕಳೆದುಕೊಂಡರು. ಆ ವರ್ಷದ ಕೊನೆಯ ದಿನ ಟೋಕಿಯೋದ ಹಿಬಿಯಾ ಪಾರ್ಕಿನಲ್ಲಿ ಸ್ವಯಂಸೇವಕರು ಟೆಂಟ್ ಹಾಕಿ ಗಂಜಿಕೇಂದ್ರ ತೆರೆದರು. ಸುಮಾರು 500 ಜನ ಬಂದು ಸೇರಿದರು. ಆ ಪಾರ್ಕ್ ಕಾರ್ಮಿಕ ಸಚಿವಾಲಯದ ಎದುರಿಗೇ ಇದೆ. ಹೊಸ ವರ್ಷಕ್ಕೆ ಎಲ್ಲರೂ ಊರಿಗೆ ಹೋಗುವ ದೇಶದಲ್ಲಿ ಹೋಗಲು ಮನೆಯಿಲ್ಲದ ಗಂಡಸರ ಸಾಲು ಕಂಡು ಜಪಾನ್ ಬೆಚ್ಚಿತು.

ಸರಿ, ಕೆಲಸ ಗಟ್ಟಿ ಇಲ್ಲದಿದ್ದರೆ ಮಕ್ಕಳು ಯಾಕೆ ಕಡಿಮೆಯಾಗಬೇಕು? ಜಪಾನಿನಲ್ಲಿ ಮಗುವಿಗೆ ಮದುವೆಯೇ ಬಾಗಿಲು, ಅದಕ್ಕೆ. ಫ್ರಾನ್ಸಿನಂಥ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮದುವೆಯ ಹೊರಗೆ ಹುಟ್ಟುತ್ತವೆ. ಜಪಾನಿನಲ್ಲಿ ಅದು 100ಕ್ಕೆ ಎರಡು ಮೂರು. ಈ ವಿಷಯದಲ್ಲಿ ಅವರು ನಮ್ಮ ಹಾಗೇ. ಇನ್ನು ಮದುವೆಗೆ ಗಂಡಿನ ಕೆಲಸವೇ ಬಾಗಿಲು. ಇದೂ ನಮ್ಮ ಹಾಗೇ, ಅಲ್ವಾ? ಹುಡುಗ ಏನು ಮಾಡ್ತಾನೆ, ಪರ್ಮನೆಂಟಾ ಎಂದು ನಮ್ಮಲ್ಲಿ ಹೆಣ್ಣಿನ ಕಡೆಯವರು ಕೇಳುವುದನ್ನು ಅಲ್ಲಿ ಹುಡುಗಿಯೇ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾಳೆ. ಅವಳನ್ನು ದೂರಲು ಆಗುವುದಿಲ್ಲ. ಮಗು ಹುಟ್ಟಿದ ಮೇಲೆ ತನ್ನ ಕೆಲಸ ಹೋಗಬಹುದು ಎಂದು ಅವಳಿಗೆ ಗೊತ್ತು. ಸರ್ಕಾರದ ಉದ್ಯೋಗ ಸಮೀಕ್ಷೆಯಲ್ಲಿ 2017ರಲ್ಲಿ ಕಂಡದ್ದು ಹೀಗೆ: 30ರಿಂದ 34 ವಯಸ್ಸಿನ ಗಂಡಸರಲ್ಲಿ ಪರ್ಮನೆಂಟ್ ಇದ್ದವರ ಪೈಕಿ ಸುಮಾರು ಶೇ. 59 ಜನರಿಗೆ ಮದುವೆಯಾಗಿತ್ತು. ಪರ್ಮನೆಂಟ್ ಇಲ್ಲದವರ ಪೈಕಿ ಸುಮಾರು ಶೇ. 22. ಐವತ್ತಾದರೂ ಒಮ್ಮೆಯೂ ಮದುವೆಯಾಗದ ಗಂಡಸರು 1990ರಲ್ಲಿ 100ಕ್ಕೆ 6ರಷ್ಟಿದ್ದರು. 2020ಕ್ಕೆ 28 ಆದರು. ಹೆಂಗಸರಲ್ಲಿ 18.

ಈಗಿನವರಿಗೆ ಮದುವೆಯೇ ಬೇಡವಂತೆ ಎಂದು ಅಲ್ಲಿಯೂ ಹಿರಿಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 18ರಿಂದ 34 ವಯಸ್ಸಿನ ಅವಿವಾಹಿತರಲ್ಲಿ ಶೇ. 80ಕ್ಕೂ ಹೆಚ್ಚು ಜನ ಒಂದಲ್ಲ ಒಂದು ದಿನ ಮದುವೆಯಾಗುತ್ತೇವೆ ಎಂದೇ ಹೇಳಿದ್ದಾರೆ. ಮದುವೆಯಾದ ದಂಪತಿಗಳಿಗೆ ಕೊನೆಗೆ ಸರಾಸರಿ 1.9 ಮಕ್ಕಳಿದ್ದಾರೆ. ಅಂದರೆ ಮದುವೆಯೊಳಗೆ ಮಕ್ಕಳು ಅಷ್ಟೇನೂ ಕಡಿಮೆಯಾಗಿಲ್ಲ. ಮದುವೆಗಳೇ ಕಡಿಮೆಯಾಗಿವೆ. 1972ರಲ್ಲಿ ಸುಮಾರು 11 ಲಕ್ಷ ಮದುವೆ ನಡೆದಿದ್ದವು. 2023ರಲ್ಲಿ 5 ಲಕ್ಷವೂ ಇಲ್ಲ.

ಇನ್ನು ಒಳಗಿರುವವರ ಪಾಡು. ಪರ್ಮನೆಂಟ್ ಕೆಲಸದ ಬೆಲೆ ಎಷ್ಟು ಎಂದು ತಿಳಿಯಲು ಒಂದು ಕೇಸ್ ಹೇಳುತ್ತೇನೆ. ಬಣ್ಣ ತಯಾರಿಸುವ ಕಂಪನಿಯೊಂದರ ನೌಕರನಿಗೆ ಕೋಬೆಯಿಂದ ನಗೋಯಾಗೆ ವರ್ಗವಾಯಿತು. ಮನೆಯಲ್ಲಿ 71 ವರ್ಷದ ತಾಯಿ, ಕೆಲಸಕ್ಕೆ ಹೋಗುವ ಹೆಂಡತಿ, ಎರಡು ವರ್ಷದ ಮಗಳು. ಅವನು ಹೋಗಲ್ಲ ಎಂದ, ಕಂಪನಿ ವಜಾ ಮಾಡಿತು. ಕೆಳಗಿನ ಕೋರ್ಟುಗಳು ಅವನ ಪರ ನಿಂತವು. 1986ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮಾತು ಎತ್ತಿಹಿಡಿಯಿತು. ಆ ಮಟ್ಟದ ಕಷ್ಟ ನೌಕರ ಸಹಿಸಿಕೊಳ್ಳಬೇಕಾದದ್ದೇ ಎಂಬುದು ಅದರ ತಿರುಳು. ಸುಮ್ನೆ ತೆಗೆಯಬಾರದು ಎಂದ ಕೋರ್ಟೇ, ಹೇಳಿದ ಊರಿಗೆ ಹೋಗದಿದ್ದರೆ ತೆಗೆಯಬಹುದು ಎಂದಿತು. ಇವೆರಡೂ ಒಂದೇ ನಾಣ್ಯದ ಎರಡು ಮುಖ. ಮಕ್ಕಳ ಶಾಲೆಗಾಗಿ ಹೆಂಡತಿ ಒಂದೂರಲ್ಲಿ, ಗಂಡ ಇನ್ನೊಂದೂರಲ್ಲಿ ಒಬ್ಬನೇ ಬಾಡಿಗೆ ಮನೆಯಲ್ಲಿ. ಇದಕ್ಕೆ 'ತಂಶಿನ್ ಫುನಿನ್' ಎಂಬ ಪದವೇ ಇದೆ. ಪದ ಹುಟ್ಟುವಷ್ಟು ಮಾಮೂಲಿ ಸಂಗತಿ ಅದು.

ದುಡಿಮೆಯ ಹೊತ್ತಿಗೂ ಮಿತಿ ಇರಲಿಲ್ಲ. ವಿಶೇಷ ಒಪ್ಪಂದ ಮಾಡಿಕೊಂಡರೆ ಓವರ್‌ಟೈಮ್‌ಗೆ ಮೇಲ್ಮಿತಿಯೇ ಇಲ್ಲದಿದ್ದ ಸ್ಥಿತಿ 2018ರ ಕಾಯ್ದೆಯಿಂದ ಬದಲಾಯಿತು. ದೊಡ್ಡ ಕಂಪನಿಗಳಿಗೆ ಅದು ಅನ್ವಯಿಸಿದ್ದು 2019ರ ಏಪ್ರಿಲ್‌ನಲ್ಲಿ. ಮಗು ಹುಟ್ಟಿದಾಗ ರಜೆ ತೆಗೆದುಕೊಂಡ ಅಪ್ಪಂದಿರು 2012ರಲ್ಲಿ 100ಕ್ಕೆ ಇಬ್ಬರಷ್ಟೇ. ಕಾನೂನಿನಲ್ಲಿ ರಜೆ ಇತ್ತು, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. 2024ಕ್ಕೆ ಅದು ಶೇ. 40 ದಾಟಿದೆ. ಬಹಳ ಜನ ಕೆಲವೇ ವಾರ ತೆಗೆದುಕೊಳ್ಳುತ್ತಾರೆ, ಆದರೂ ಇದು ಸಣ್ಣ ಬದಲಾವಣೆಯಲ್ಲ.

ಹೆಂಗಸರ ಕಡೆಯಿಂದ ನೋಡಿದರೆ ಕೆಲಸದ ಭದ್ರತೆ ಮಗುವಿಗೆ ಎಷ್ಟು ಮುಖ್ಯ ಎಂದು ಇನ್ನೂ ಸ್ಪಷ್ಟ. ಮೊದಲ ಮಗುವಾದ ಮೇಲೂ ಕೆಲಸ ಉಳಿಸಿಕೊಂಡವರು ಪರ್ಮನೆಂಟ್ ಹೆಂಗಸರಲ್ಲಿ ಶೇ. 83. ಪಾರ್ಟ್‌ಟೈಮ್ ಮತ್ತು ಹಾಕೆನ್ ಹೆಂಗಸರಲ್ಲಿ ಶೇ. 40. ರಜೆಯ ಕಾನೂನು ಇಬ್ಬರಿಗೂ ಇದೆ. ಆದರೆ ಆರು ತಿಂಗಳ ಕಾಂಟ್ರ್ಯಾಕ್ಟ್‌ನಲ್ಲಿರುವವಳು ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಕಾಂಟ್ರ್ಯಾಕ್ಟೇ ಮುಗಿದಿರುತ್ತದೆ. ಜಪಾನಿನಲ್ಲೂ ನಮ್ಮಂತೆ ಬಾಣಂತನಕ್ಕೆ ತವರಿಗೆ ಹೋಗುವ ಪದ್ಧತಿ ಇದೆ, 'ಸತೊಗಾಯೆರಿ' ಎನ್ನುತ್ತಾರೆ. ತವರಿನಿಂದ ಮರಳಿದಾಗ ಕುರ್ಚಿ ಇನ್ನೂ ತನ್ನದೇ ಆಗಿರುತ್ತದಾ ಎನ್ನುವುದು ಅಲ್ಲಿನ ತಾಯಂದಿರ ಚಿಂತೆ. ಒಮ್ಮೆ ಪರ್ಮನೆಂಟ್ ಕುರ್ಚಿ ಬಿಟ್ಟರೆ ಮತ್ತೆ ಸಿಗುವುದು ಬಹುತೇಕ ಪಾರ್ಟ್‌ಟೈಮ್ ಕೆಲಸ. ಜೊತೆಗೆ, ಹೆಂಡತಿಯ ವರಮಾನ ವರ್ಷಕ್ಕೆ 13 ಲಕ್ಷ ಯೆನ್ ದಾಟಿದರೆ ಗಂಡನ ವಿಮೆಯಡಿ ಇರಲು ಬರುವುದಿಲ್ಲ, ಸ್ವಂತ ಕಂತು ಕಟ್ಟಬೇಕು. ಹಾಗಾಗಿ ಎಷ್ಟೋ ಹೆಂಗಸರು ಲೆಕ್ಕ ಹಾಕಿಯೇ ಕಡಿಮೆ ದುಡಿಯುತ್ತಾರೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಕೆಲಸದ ಭದ್ರತೆ ಒಂದೇ ಎಲ್ಲಕ್ಕೂ ಕಾರಣ ಎಂದರೆ ತಪ್ಪಾಗುತ್ತದೆ. 2005ರಲ್ಲಿ 1.26 ಇದ್ದ ಸರಾಸರಿ 2015ಕ್ಕೆ 1.45 ಆಗಿತ್ತು. ಆ ಹತ್ತು ವರ್ಷಗಳಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಏರುತ್ತಲೇ ಇತ್ತು. ದಕ್ಷಿಣದ ದ್ವೀಪ ಪ್ರಾಂತ್ಯ ಒಕಿನಾವಾವನ್ನು ನೋಡಿ. ವರಮಾನದಲ್ಲಿ ದೇಶದ ಅತಿ ಕೆಳಗಿನ ಸಾಲು, ಪರ್ಮನೆಂಟ್ ಅಲ್ಲದ ಕೆಲಸ ಅತಿ ಹೆಚ್ಚಿರುವ ಕಡೆಗಳಲ್ಲಿ ಒಂದು. ಆದರೂ 2024ರಲ್ಲಿ 1.54, ದೇಶಕ್ಕೇ ಮೊದಲು. ಒಳ್ಳೆಯ ಕೆಲಸಗಳು ತುಂಬಿರುವ ಟೋಕಿಯೋದಲ್ಲಿ 0.96. ಒಕಿನಾವಾದಲ್ಲಿ ಅಜ್ಜಿ, ಚಿಕ್ಕಮ್ಮ, ನೆರೆಹೊರೆ ಇನ್ನೂ ಹತ್ತಿರ ಇದ್ದಾರೆ. ಮಗುವನ್ನು ಯಾರ ಕೈಗಾದರೂ ಕೊಟ್ಟು ಹೊರಗೆ ಹೋಗಬಹುದು. ಟೋಕಿಯೋದಲ್ಲಿ ಸಂಬಳ ಇದೆ, ಕೈಗಳಿಲ್ಲ. ನನ್ನ ತಿಳಿವಳಿಕೆಯಲ್ಲಿ, ಜನರಿಗೆ ಬೇಕಿರುವುದು ಬಿದ್ದರೆ ಹಿಡಿಯಲು ಯಾರೋ ಇದ್ದಾರೆ ಎಂಬ ನಂಬಿಕೆ. ಜಪಾನ್ ಆ ಹೊಣೆಯನ್ನು ಪೂರ್ತಿ ಕಂಪನಿಯ ಮೇಲೆ ಹೊರಿಸಿತು. ಕಂಪನಿ ಕೈಬಿಟ್ಟ ಕಡೆ ಬೇರೆ ಯಾವ ಆಸರೆಯೂ ಇರಲಿಲ್ಲ.

ಸರ್ಕಾರ ಕೈಕಟ್ಟಿ ಕೂತಿತ್ತು ಎನ್ನಲಾಗದು. ಮಕ್ಕಳ ಪಾಲನೆಗೆ ನೆರವಾಗಲೆಂದು ತಂದ 1994ರ 'ಏಂಜೆಲ್ ಪ್ಲಾನ್'ನಿಂದ ಹಿಡಿದು ಎಷ್ಟೋ ಯೋಜನೆ ಬಂದವು. ಶಿಶುವಿಹಾರಕ್ಕೆ ಸೀಟಿಲ್ಲದೆ ಕಾಯುತ್ತಿದ್ದ ಮಕ್ಕಳು 2017ರಲ್ಲಿ 26 ಸಾವಿರ ಇದ್ದದ್ದು 2024ಕ್ಕೆ ಎರಡೂವರೆ ಸಾವಿರಕ್ಕೆ ಇಳಿಯಿತು. ಇದು ದೊಡ್ಡ ಸಾಧನೆ. 2023ರಲ್ಲಿ ಮಕ್ಕಳಿಗೆಂದೇ ಹೊಸ ಇಲಾಖೆ ಬಂತು. ಆದರೆ ಇವೆಲ್ಲ ಮದುವೆಯಾಗಿ ಮಗುವಾದವರಿಗೆ. ಮದುವೆಯ ಬಾಗಿಲಿಗೇ ಬರಲಾಗದವರಿಗೆ ಇದರಿಂದ ಏನು ಸಿಕ್ಕಿತು? ಕೆಲಸದ ಕಡೆ ಆದ ತಿದ್ದುಪಡಿಗಳು ತಡವಾಗಿ ಬಂದವು. ಒಂದೇ ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಒಟ್ಟು 5 ವರ್ಷ ಮೀರಿದರೆ, ನೌಕರ ಕೇಳಿದಾಗ ಅವಧಿಯಿಲ್ಲದ ಒಪ್ಪಂದ ಕೊಡಲೇಬೇಕು ಎಂಬ ನಿಯಮ 2013ರಿಂದ ಇದೆ. ಒಳ್ಳೆಯದೇ. ಆದರೆ 5 ವರ್ಷ ತುಂಬುವ ಮುಂಚೆಯೇ ಕಾಂಟ್ರ್ಯಾಕ್ಟ್ ನಿಲ್ಲಿಸುವ ಕಡೆಗಳೂ ಹುಟ್ಟಿಕೊಂಡವು. ಪರ್ಮನೆಂಟ್ ಇರಲಿ ಇಲ್ಲದಿರಲಿ, ಒಂದೇ ಕೆಲಸಕ್ಕೆ ಅನ್ಯಾಯದ ವ್ಯತ್ಯಾಸ ಮಾಡಬಾರದು ಎಂಬ ಕಾನೂನು ದೊಡ್ಡ ಕಂಪನಿಗಳಿಗೆ ಬಂದದ್ದು 2020ರಲ್ಲಿ. ಹಿಮಯುಗದ ಬಹಳಷ್ಟು ಹುಡುಗಿಯರಿಗೆ ಆಗಲೇ ಮಗು ಹೆರುವ ವಯಸ್ಸು ದಾಟಿತ್ತು.

ಓಕಾಯಾಮಾ ಪ್ರಾಂತ್ಯದ ನಾಗಿ ಎಂಬ ಊರಿನ ಬಗ್ಗೆ ನಿಮಗೆ ಹೇಳಲೇಬೇಕು. ಆರು ಸಾವಿರದಷ್ಟು ಜನ ಇರುವ ಊರು. 2019ರಲ್ಲಿ ಅಲ್ಲಿ ಸರಾಸರಿ 2.95 ಆಗಿತ್ತು. ಇಷ್ಟು ಚಿಕ್ಕ ಊರಿನಲ್ಲಿ ಹತ್ತು ಮಕ್ಕಳು ಹೆಚ್ಚು ಹುಟ್ಟಿದರೂ ಅಂಕಿ ಜಿಗಿಯುತ್ತದೆ, ಅದಕ್ಕೇ ಅಂಕಿಗಿಂತ ಅಲ್ಲಿನ ಕ್ರಮ ನನಗೆ ಮುಖ್ಯ. ಹಣದ ನೆರವು ಅಲ್ಲೂ ಇದೆ. ಅದರ ಜೊತೆ 'ಶಿಗೋತೊ ಕಾಂಬಿನಿ' ಎಂಬ ವ್ಯವಸ್ಥೆ ಇದೆ. ಶಿಗೋತೊ ಎಂದರೆ ಕೆಲಸ, ಕಾಂಬಿನಿ ಎಂದರೆ ಬೀದಿಬೀದಿಯಲ್ಲಿರುವ, ಬೇಕೆಂದಾಗ ಹೋಗಿ ಬೇಕಾದ್ದು ತರುವ ಅಂಗಡಿ. ಊರಿನಲ್ಲಿ ಇರುವ ಚಿಕ್ಕ ಚಿಕ್ಕ ಕೆಲಸಗಳನ್ನು ಒಟ್ಟುಮಾಡಿ, ಮಗು ನೋಡಿಕೊಳ್ಳುವ ತಾಯಂದಿರಿಗೂ ವಯಸ್ಸಾದವರಿಗೂ ಅವರಿಗೆ ಬಿಡುವಿದ್ದಷ್ಟು ಹೊತ್ತಿಗೆ ಕೊಡುತ್ತಾರೆ. ಇದೇನೂ ಪರ್ಮನೆಂಟ್ ಕೆಲಸವಲ್ಲ. ಆದರೆ ಎರಡು ಗಂಟೆ ಬಿಡುವಿರುವ ತಾಯಿಗೂ ಇಲ್ಲಿ ಜಾಗ ಇದೆ.

ಇನ್ನು ನಿಮ್ಮ ಅಕ್ಕನ ಮಗನ ವಿಷಯ. ಹೋಗಲಿ, ಧೈರ್ಯವಾಗಿ ಹೋಗಲಿ. ಜಪಾನಿಗೆ ಈಗ ಆಳು ಬೇಕು. 2024ರ ಅಕ್ಟೋಬರ್ ಹೊತ್ತಿಗೆ ಅಲ್ಲಿ 23 ಲಕ್ಷ ವಿದೇಶಿ ನೌಕರರಿದ್ದರು. ಆದರೆ ಅವನು ಸಂಬಳದ ಅಂಕಿಯನ್ನಷ್ಟೇ ನೋಡಿ ಸಹಿ ಹಾಕುವುದು ಬೇಡ. ಕೆಲಸದ ಷರತ್ತುಗಳ ಪತ್ರವನ್ನು ಕೇಳಿ ಪಡೆಯಲಿ. ಅದನ್ನು ಲಿಖಿತವಾಗಿ ಕೊಡುವುದು ಅಲ್ಲಿ ಕಡ್ಡಾಯ. ಮೊದಲು ನೋಡಬೇಕಾದ್ದು ಒಪ್ಪಂದದ ಅವಧಿ. ಅವಧಿ ಇಲ್ಲ ಎಂದಿದ್ದರೆ ಒಳ್ಳೆಯದು. ಒಂದು ವರ್ಷ, ಎರಡು ವರ್ಷ ಎಂದಿದ್ದರೆ ನವೀಕರಣ ಎಷ್ಟು ಸಲ, ಎಲ್ಲಿವರೆಗೆ ಎಂದು ಕೇಳಲಿ. ಆಮೇಲೆ, ಕೆಲಸ ಕೊಡುವುದು ಕಂಪನಿಯೇ, ಇಲ್ಲಾ ಏಜೆನ್ಸಿಯೇ ಎಂದು ನೋಡಲಿ. ಎಂಜಿನಿಯರ್‌ಗಳನ್ನೂ ಹಾಕೆನ್ ಮೇಲೆ ಬೇರೆ ಕಂಪನಿಗಳಿಗೆ ಕಳಿಸುವುದು ಅಲ್ಲಿ ಬಹಳ ಇದೆ. ಮತ್ತೊಂದು ಸಾಲು 2024ರ ಏಪ್ರಿಲ್‌ನಿಂದ ಹೊಸದಾಗಿ ಕಡ್ಡಾಯವಾಗಿದೆ. ಕೆಲಸದ ಸ್ಥಳ ಮುಂದೆ ಎಲ್ಲೆಲ್ಲಿಗೆ ಬದಲಾಗಬಹುದು ಎಂದು ಕಂಪನಿ ಮೊದಲೇ ಬರೆದು ತಿಳಿಸಬೇಕು. ಕೆಲವು ಪತ್ರಗಳಲ್ಲಿ ಒಂದೇ ಊರಿನ ಹೆಸರಿರುತ್ತದೆ. ಕೆಲವದರಲ್ಲಿ 'ಕಂಪನಿ ನಿಗದಿಪಡಿಸುವ ಎಲ್ಲಾ ಕಚೇರಿಗಳು' ಎಂದಿರುತ್ತದೆ. ಅವನು ಮುಂದೆ ಮದುವೆಯಾಗಿ, ಹೆಂಡತಿಯೂ ಅಲ್ಲೇ ಕೆಲಸ ಹಿಡಿದು, ಮಗು ಶಾಲೆಗೆ ಸೇರಿದ ಮೇಲೆ ಈ ಸಾಲು ನೆನಪಾಗುವುದಕ್ಕಿಂತ ಸಹಿ ಹಾಕುವ ಮೊದಲೇ ಓದಿಕೊಳ್ಳಲಿ. ಅರ್ಥವಾಗದಿದ್ದರೆ ಆ ಪುಟದ ಪ್ರತಿ ನನಗೆ ಕಳಿಸಲು ಹೇಳಿ, ಕೂತು ಓದಿ ತಿಳಿಸುತ್ತೇನೆ.